ತೋಟಕ್ಕೆ ನಾಲ್ಕು ಬಗೆಯ ನೀರು: ಸಂತ ತೆರೇಸಾಳ ಭಕ್ತಿಮಾರ್ಗ

ಕ್ರೈಸ್ತ ಅನುಭಾವಿಗಳಲ್ಲಿ ಸ್ಪೇನ್ ದೇಶದ ಆವಿಲಾ ಪಟ್ಟಣದ ತೆರೇಸಾ (1515–1582) ಅಗ್ರಗಣ್ಯಳು. 1562ರಲ್ಲಿ ಕಾರ್ಮೆಲ್ ಪಂಥದ ಸುಧಾರಿತ ಮಠವೊಂದನ್ನು ಸ್ಥಾಪಿಸಿದ ಈ ಸಂನ್ಯಾಸಿನಿಯು ತನ್ನ ಆತ್ಮಚರಿತ್ರೆಯಲ್ಲಿ ಪ್ರಾರ್ಥನೆಯ ಮೆಟ್ಟಿಲುಗಳನ್ನು ತೋಟದ ದೃಷ್ಟಾಂತದಿಂದ ವಿವರಿಸಿರುವಳು. ಭಕ್ತಿಯೋಗದ ಬೆಳಕಿನಲ್ಲಿ ಅದನ್ನು ಪರಿಶೀಲಿಸಿದರೆ ಸಾದೃಶ್ಯದೊಡನೆ ಭೇದವೂ ಸ್ಪಷ್ಟವಾಗುತ್ತದೆ.

ಆತ್ಮವೇ ತೋಟ, ಭಗವಂತನೇ ಒಡೆಯ, ಸಾಧಕನು ತೋಟಿಗ. ಮೊದಲು ಬಾವಿಯಿಂದ ನೀರನ್ನು ಸೇದಿ ಎರೆಯಬೇಕು. ಇದು ಚಂಚಲ ಮನಸ್ಸನ್ನು ಧ್ಯಾನದಲ್ಲಿ ನಿಲ್ಲಿಸುವ ಶ್ರಮ. ಎರಡನೆಯದು ರಾಟೆಯ ನೀರು. ಶ್ರಮ ಕಡಿಮೆ, ನೀರು ಹೆಚ್ಚು. ಮೂರನೆಯದು ಹೊಳೆಯ ನೀರು. ಅದನ್ನು ಪಾತಿಗೆ ತಿರುಗಿಸಿದರೆ ಸಾಕು. ನಾಲ್ಕನೆಯದು ಮಳೆ, ಅಲ್ಲಿ ತೋಟಿಗನ ಕೈವಾಡವೇ ಇಲ್ಲ. ಪ್ರಯತ್ನವು ಕುಗ್ಗುತ್ತ ಕೃಪೆಯು ಹಿಗ್ಗುವ ಕ್ರಮವಿದು. ನಾರದ ಭಕ್ತಿಸೂತ್ರಗಳೂ ಪರಮಪ್ರೇಮರೂಪವಾದ ಭಕ್ತಿಯು ಮುಖ್ಯವಾಗಿ ಮಹಾತ್ಮರ ಕೃಪೆಯಿಂದ ಇಲ್ಲವೆ ಭಗವತ್ಕೃಪೆಯ ಲೇಶದಿಂದ ಲಭಿಸುವುದೆನ್ನುತ್ತವೆ. ಷಟ್‌ಸ್ಥಲದಲ್ಲಿಯೂ ಶ್ರದ್ಧಾಭಕ್ತಿಯು ಮೆಟ್ಟಿಲು ಮೆಟ್ಟಿಲಾಗಿ ಸಮರಸಭಕ್ತಿಗೆ ಏರುವುದಷ್ಟೆ.

ಮಳೆಯು ತಾನಾಗಿ ಬರುವುದಾದರೆ ಬಾವಿಯನ್ನು ಸೇದುವುದೇಕೆ? ಬಾವಿ ಬತ್ತಿದರೂ ತೋಟಿಗನು ಕೆಲಸ ಬಿಡಲಾಗದು ಎಂಬುದೇ ತೆರೇಸಾಳ ಉತ್ತರ. ಫಲವು ಒಡೆಯನದು, ಆತನ ತೋಟದಲ್ಲಿ ದುಡಿಯುವುದೇ ಭಾಗ್ಯ. ಪೂಜೆಯಲ್ಲಿ ರಸ ಹುಟ್ಟದ ದಿನಗಳನ್ನು ಕಂಡ ಭಕ್ತರೆಲ್ಲರಿಗೂ ಇದು ಧೈರ್ಯದ ಮಾತು.

ಇನ್ನು ಭೇದದ ವಿಚಾರ. ಎಷ್ಟೇ ಮೇಲೇರಿದರೂ ಕ್ರಿಸ್ತನ ಮಾನುಷ ರೂಪದ ಚಿಂತನೆಯನ್ನು ತೊರೆಯಬಾರದೆಂದು ಆಕೆ ವಿಧಿಸುವಳು. ಇದು ಇಷ್ಟಲಿಂಗವನ್ನು ಎಂದಿಗೂ ಅಗಲದ ಶರಣರ ನಿಷ್ಠೆಯನ್ನು ನೆನಪಿಸುತ್ತದೆ. ಆದರೆ ಇಷ್ಟಲಿಂಗವು ಅವತಾರಪುರುಷನ ಪ್ರತಿಮೆಯಲ್ಲ, ನಿರಾಕಾರ ಪರಶಿವನ ಕುರುಹು. 1577ರಲ್ಲಿ ಬರೆದ ‘ಆಂತರಿಕ ದುರ್ಗ’ವೆಂಬ ಗ್ರಂಥದಲ್ಲಿ ಆಕೆ ಏಳು ನಿವಾಸಗಳನ್ನು ಹೇಳಿ, ಕೊನೆಯದರಲ್ಲಿ ಆತ್ಮಕ್ಕೂ ದೇವರಿಗೂ ವಿವಾಹವಾಗುವುದೆಂದು ವರ್ಣಿಸುವಳು. ಶರಣಸತಿ–ಲಿಂಗಪತಿ ಭಾವಕ್ಕೆ ಇದು ಅತಿ ಸಮೀಪವಾದುದು. ಆದರೂ ಕ್ರೈಸ್ತಮತದಲ್ಲಿ ಜೀವನು ದೇವರ ಸೃಷ್ಟಿ. ಐಕ್ಯವು ಪ್ರೇಮದಿಂದಾದುದು, ಸ್ವರೂಪದಿಂದಲ್ಲ. ನಮ್ಮಲ್ಲಿ ಅಂಗವು ಶಿವಾಂಶವೇ ಆದುದರಿಂದ ಸಾಮರಸ್ಯವು ತನ್ನ ಮೂಲವನ್ನು ತಾನು ಸೇರುವುದು. ಎಲ್ಲವೂ ಒಂದೇ ಎಂದು ಅವಸರದಿಂದ ನುಡಿದರೆ ಎರಡು ದರ್ಶನಗಳಿಗೂ ಅನ್ಯಾಯವಾದೀತು.

ಆದರೆ ನಡೆಯಲ್ಲಿ ಇವೆರಡೂ ಕೂಡುತ್ತವೆ. ಯೇಸುವಿನ ಪಾದದ ಬಳಿ ಕುಳಿತು ಆಲಿಸಿದ ಮರಿಯಳೂ ಅಡಿಗೆಯ ಪರಿಚರ್ಯೆಯಲ್ಲಿ ತೊಡಗಿದ ಮಾರ್ಥಳೂ ಜೊತೆಗೂಡಬೇಕು, ಆ ವಿವಾಹದ ಸಂತಾನವು ಸತ್ಕಾರ್ಯಗಳೇ ಎಂದು ತೆರೇಸಾ ಬೋಧಿಸುವಳು. ಕಾಯಕ–ದಾಸೋಹಗಳನ್ನು ಬಲ್ಲವರಿಗೆ ಇದು ಹೊಸ ಮಾತಲ್ಲ. ಕೃಪೆಯ ಮಳೆ ಸುರಿದುದಕ್ಕೆ ಸಾಕ್ಷಿ ಸಾಧಕನ ಕಣ್ಣೀರಲ್ಲ. ಅವನ ತೋಟದ ಹಣ್ಣು ನೆರೆಯವರ ಹಸಿವನ್ನು ನೀಗಿತೇ ಎಂಬುದು.