ಇಚ್ಚನ ಬೈಕಿಗೆ ಗಾಳಿ ತಡೆಯುವ ಗ್ಲಾಸ್: ಮನೆಯಲ್ಲೇ ಮಾಡುವವರು ಇಷ್ಟು ತಿಳಿದಿರಲಿ

ವ್ಯಾಪಾರಕ್ಕೆಂದು ಘಟ್ಟ ಹತ್ತಿದವರು ಒಬ್ಬರಾದರೂ ಇಲ್ಲದ ಮನೆ ನಮ್ಮಲ್ಲಿ ಕಡಿಮೆ. ನಮ್ಮ ದೊಡ್ಡ ಇಚ್ಚ ಮಧುಗಿರಿಯಲ್ಲಿ ರೂಮು ಮಾಡಿಕೊಂಡು ಫ್ಯಾನ್ಸಿ ಸಾಮಾನಿನ ಲೈನ್ ಸೇಲ್ ಮಾಡುತ್ತಾರೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲೂಕೇ ಅವರ ಲೈನು. ಬೈಕಿನ ಹಿಂದೆ ಎರಡು ದೊಡ್ಡ ಚೀಲ ಕಟ್ಟಿ, ಸುಬ್ಹಿ ನಮಾಝ್ ಮುಗಿಸಿ ಹೊರಟರೆ ರೂಮಿಗೆ ಮರಳುವಾಗ ಕತ್ತಲೆ.

ನಮ್ಮ ಕರಾವಳಿಯಲ್ಲಿ ಗಾಳಿ ಅಂದರೆ ಸೆಖೆಗೆ ಸಮಾಧಾನ. ಆ ಬಯಲುಸೀಮೆಯಲ್ಲಿ ಹಾಗಲ್ಲ ಮಾರಾಯ್ರೆ. ಪಾವಗಡದ ಕಡೆ ಮರದ ನೆರಳಿಲ್ಲದ ಬಯಲು ಕಣ್ಣು ಹಾಯುವಷ್ಟು ದೂರ ಉಂಟು. ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಬಂದಿರುವುದೂ ಅಲ್ಲಿನ ಬಿಸಿಲು ನೋಡಿಯೇ. ಶಿರಾದ ಬಳಿ 48ನೇ ಹೆದ್ದಾರಿಗೆ ಇಳಿದರೆ ಲಾರಿ ಬಸ್ಸುಗಳ ಗಾಳಿ ಬೇರೆ. ಆಷಾಢದಲ್ಲಿ ಧೂಳು, ಡಿಸೆಂಬರ್ ಬೆಳಿಗ್ಗೆ ಎದೆಗೆ ಹೊಡೆಯುವ ಚಳಿ, ಸಂಜೆಯಾದರೆ ಮುಖಕ್ಕೆ ಬಡಿಯುವ ಹುಳ. ಇಚ್ಚ ಚಳಿಗೆ ಅಂಗಿಯೊಳಗೆ ಹಳೇ ಪೇಪರ್ ಮಡಚಿ ಇಟ್ಟುಕೊಳ್ಳುತ್ತಿದ್ದರು. ಆದರೂ ಕೆಮ್ಮು ಬಿಡಲಿಲ್ಲ.

ಹಾಗಾಗಿ ಬೈಕಿಗೆ ತಾವೇ ಒಂದು ಗ್ಲಾಸ್ ಮಾಡಿದರು. ಅಂಗಡಿಯೊಂದರ ಹಳೇ ಬೋರ್ಡಿನ ಅಕ್ರಿಲಿಕ್ ತುಂಡು ಸಿಕ್ಕಿತ್ತು. ಅದನ್ನು ಚೌಕಾಕಾರಕ್ಕೆ ಕತ್ತರಿಸಿ, ನಾಲ್ಕು ತೂತು ಹೊಡೆದು, ಬೋಲ್ಟ್ ಹಾಕಿ ಹ್ಯಾಂಡಲ್‌ಗೆ ಬಿಗಿದರು. ಎರಡು ವಾರ ಚೆನ್ನಾಗಿಯೇ ಇತ್ತು. ಒಂದು ದಿನ ಪಾವಗಡದಿಂದ ಬರುವಾಗ ಹಂಪ್ ಹಾರಿದ್ದೇ ತಡ, ತೂತಿನಿಂದ ಬಿರುಕು ಬಿಟ್ಟು ಗ್ಲಾಸ್ ಎರಡು ತುಂಡಾಯಿತು. ಚೂರಿಯಂತೆ ಚೂಪಾಗಿದ್ದ ಒಂದು ತುಂಡು ಎದ್ದು ಹೆಲ್ಮೆಟ್ಟಿಗೆ ಬಡಿಯಿತು. ಹೆಲ್ಮೆಟ್ಟಿನ ವೈಸರ್ ಇಳಿಸಿದ್ದರು, ಅದರ ಮೇಲೆ ಒಂದು ಗೀರು ಬಿತ್ತು, ಅಷ್ಟೇ. ಅಲ್‌ಹಮ್ದುಲಿಲ್ಲಾಹ್. ವೈಸರ್ ಮೇಲೆತ್ತಿದ್ದರೆ ಗೀರು ಎಲ್ಲಿ ಬೀಳುತ್ತಿತ್ತು ಎಂದು ಯೋಚಿಸಲೂ ನಮಗೆ ಧೈರ್ಯವಿಲ್ಲ.

ಉಮ್ಮನಿಗೆ ವಿಷಯ ಗೊತ್ತಾದದ್ದು ತಿಂಗಳ ನಂತರ. "ಎಲ್ಲ ಬಿಟ್ಟು ಊರಿಗೆ ಬಾ" ಎಂದು ಒಂದೇ ಹಠ. ಬರಲಿಕ್ಕಾಗುತ್ತದಾ? ಆ ಲೈನಿನಿಂದಲೇ ಮನೆಯ ಒಲೆ ಉರಿಯುವುದು. ಕೊನೆಗೆ ನಾವೇ ಮಧುಗಿರಿಗೆ ಹೋದೆವು. ಏಕಶಿಲಾ ಬೆಟ್ಟದ ಬುಡದ ಆ ಪೇಟೆಯಲ್ಲಿ ಎರಡು ದಿನ ಕೂತು, ಪರಿಚಯದ ವೆಲ್ಡಿಂಗ್ ಕೆಲಸಗಾರರೊಬ್ಬರನ್ನು ಕೇಳಿ ಹೊಸದು ಮಾಡಿದೆವು. ಆಗ ಕಲಿತದ್ದು ಇತರ ಮನೆಯವರಿಗೂ ಉಪಯೋಗವಾಗಲಿ ಎಂದು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಶೀಟಿನ ವಿಷಯ. ನೋಡಲಿಕ್ಕೆ ಅಕ್ರಿಲಿಕ್ ಮತ್ತು ಪಾಲಿಕಾರ್ಬೊನೇಟ್ ಒಂದೇ ತರಹ. ಆದರೆ ಪೆಟ್ಟು ಬಿದ್ದಾಗ ಅಕ್ರಿಲಿಕ್ ಒಡೆಯುತ್ತದೆ, ಪಾಲಿಕಾರ್ಬೊನೇಟ್ ಬಾಗುತ್ತದೆ. ಅಂಗಡಿಯಲ್ಲಿ ಒಂದು ಸಣ್ಣ ತುಂಡು ಕೇಳಿ, ಬಟ್ಟೆ ಸುತ್ತಿ ಬಗ್ಗಿಸಿ ನೋಡಿ. ಪಟ್ ಎಂದು ಮುರಿದರೆ ಅದು ಬೇಡ. ಒಳಗೆ ಸಾಲು ಸಾಲು ಪೊಳ್ಳು ಇರುವ ಚಾವಣಿ ಶೀಟೂ ಬೇಡ. 3 ಮಿಲಿಮೀಟರ್ ದಪ್ಪದ, ಪಾರದರ್ಶಕವಾದ ಗಟ್ಟಿ ಶೀಟ್ ಸಾಕು. ಬಿಸಿಲು ತಡೆಯುವ ಲೇಪ ಕೆಲವು ಶೀಟುಗಳಿಗೆ ಒಂದೇ ಬದಿಯಲ್ಲಿ ಇರುತ್ತದೆ. ಅದು ಯಾವ ಬದಿ ಎಂದು ಮೇಲಿನ ಪ್ಲಾಸ್ಟಿಕ್ ಹಾಳೆಯಲ್ಲಿ ಬರೆದಿರುತ್ತದೆ, ಆ ಬದಿ ಹೊರಗೆ ಬರಬೇಕು.

ಶೀಟಿಗೆ ಬ್ಲೇಡ್ ಹಾಕುವ ಮುಂಚೆ ರಟ್ಟಿನಲ್ಲಿ ಅಳತೆ ಮಾಡಿ. ರಟ್ಟನ್ನು ಬೈಕಿಗೆ ಟೇಪ್ ಹಾಕಿ ಅಂಟಿಸಿ, ದಿನಾ ಕೂರುವ ಹಾಗೆ ಹೆಲ್ಮೆಟ್ ಹಾಕಿಕೊಂಡು ಸೀಟಿನಲ್ಲಿ ಕೂರಬೇಕು. ಗ್ಲಾಸಿನ ಮೇಲಂಚು ಕಣ್ಣಿಗಿಂತ ಕೆಳಗೆ, ಬಾಯಿ ಮೂಗಿನ ಮಟ್ಟಕ್ಕೆ ಬಂದರೆ ಸರಿ. ರಸ್ತೆಯನ್ನು ಗ್ಲಾಸಿನ ಮೇಲಿಂದ ನೋಡಬೇಕು, ಗ್ಲಾಸಿನೊಳಗಿಂದ ಅಲ್ಲ. ಗೀರು ಬಿದ್ದ ಪ್ಲಾಸ್ಟಿಕ್ಕಿನ ಮೇಲೆ ರಾತ್ರಿ ಎದುರಿನ ಲಾರಿಯ ಲೈಟ್ ಬಿದ್ದರೆ ಪೂರಾ ಬೆಳ್ಳಗೆ ಕಾಣುತ್ತದೆ, ಗುಂಡಿ ಕಾಣುವುದಿಲ್ಲ. ಇಚ್ಚನ ಮೊದಲ ಗ್ಲಾಸಿನಲ್ಲಿ ಈ ತಪ್ಪೂ ಇತ್ತು.

ದೊಡ್ಡದಾದಷ್ಟೂ ಒಳ್ಳೆಯದು ಎಂಬ ಲೆಕ್ಕವೂ ಬೇಡ. ವೇಗ ಎರಡು ಪಟ್ಟಾದರೆ ಗಾಳಿಯ ಒತ್ತಡ ನಾಲ್ಕು ಪಟ್ಟಾಗುತ್ತದೆ. 40 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಎತ್ತರದ ಗ್ಲಾಸಿಗೆ 40 ಕಿಲೋಮೀಟರ್ ವೇಗದಲ್ಲಿ ಸುಮಾರು 1 ಕಿಲೋ ಭಾರ ಒತ್ತಿದಂತೆ ಆದರೆ, 80ರಲ್ಲಿ 4 ಕಿಲೋಗಿಂತ ಹೆಚ್ಚು. ಆ ಒತ್ತಡವೆಲ್ಲ ಹ್ಯಾಂಡಲ್ ಮೇಲೆಯೇ ಬರುವುದು. ಬಸ್ಸು ಪಕ್ಕದಲ್ಲಿ ಹಾದುಹೋಗುವಾಗ ದೊಡ್ಡ ಗ್ಲಾಸ್ ಇದ್ದವರ ಹ್ಯಾಂಡಲ್ ಎಳೆದಂತಾಗುವುದು ಇದರಿಂದಲೇ.

ಕತ್ತರಿಸುವಾಗ ಮೇಲಿನ ಪ್ಲಾಸ್ಟಿಕ್ ಹಾಳೆ ಕೀಳಬೇಡಿ, ಗೀರು ಬೀಳುವುದಿಲ್ಲ. ಸಣ್ಣ ಹಲ್ಲಿನ ಹ್ಯಾಕ್ಸಾ ಬ್ಲೇಡ್ ಸಾಕು. ಒಂದು ಮೂಲೆಯನ್ನೂ ಚೂಪಾಗಿ ಬಿಡಬೇಡಿ. ಡಬ್ಬಿಯ ಮುಚ್ಚಳ ಇಟ್ಟು ದುಂಡಗೆ ಗೆರೆ ಎಳೆದು ಕತ್ತರಿಸಿ, ಅಂಚನ್ನು ಸ್ಯಾಂಡ್ ಪೇಪರಿನಲ್ಲಿ ಉಜ್ಜಿ, ಸುತ್ತ ರಬ್ಬರ್ ಬೀಡಿಂಗ್ ಹಾಕಿ. ಬಿದ್ದರೆ ಎದೆ, ಕುತ್ತಿಗೆ ಮೊದಲು ತಾಗುವುದು ಆ ಅಂಚಿಗೇ.

ತೂತಿನ ವಿಷಯದಲ್ಲೇ ಇಚ್ಚ ಎಡವಿದ್ದು. 6 ಮಿಲಿಮೀಟರ್ ಬೋಲ್ಟಿಗೆ 6ರ ತೂತನ್ನೇ ಹೊಡೆದು ಗಟ್ಟಿಯಾಗಿ ತಿರುಪಿದ್ದರು. ಬಿಸಿಲಿಗೆ ಶೀಟ್ ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ. ಅದಕ್ಕೆ ಜಾಗವೇ ಇಲ್ಲದಿದ್ದರೆ ಬಿರುಕು ಶುರುವಾಗುವುದು ತೂತಿನಿಂದ. 8ರ ತೂತು ಹೊಡೆಯಿರಿ, ಅಂಚಿನಿಂದ ಕಡಿಮೆಯೆಂದರೆ 2 ಸೆಂಟಿಮೀಟರ್ ಒಳಗೆ. ಎರಡೂ ಬದಿಗೆ ರಬ್ಬರ್ ವಾಷರ್, ಸಡಿಲವಾಗದ ನೈಲಾಕ್ ನಟ್ ಹಾಕಿ. ರಬ್ಬರ್ ಸ್ವಲ್ಪ ಅದುಮುವಷ್ಟು ಬಿಗಿದರೆ ಸಾಕು. ತಂತಿ, ಹಗ್ಗದಲ್ಲಿ ಕಟ್ಟುವುದು ಬೇಡವೇ ಬೇಡ. ನಾಲ್ಕು ಕಡೆ ಕಬ್ಬಿಣದ ಪಟ್ಟಿ, ಕ್ಲಾಂಪ್ ಇರಲಿ. ಗ್ಲಾಸಿನ ಕೆಳಗೆ ಗಾಳಿ ನುಗ್ಗಲು ಸ್ವಲ್ಪ ಸಂದು ಬಿಟ್ಟರೆ ಹೆಲ್ಮೆಟ್ ಅದುರುವುದೂ ಕಡಿಮೆಯಾಗುತ್ತದೆ.

ಕೂರಿಸಿದ ಮೇಲೆ ಹ್ಯಾಂಡಲನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ. ಗ್ಲಾಸ್ ಟ್ಯಾಂಕಿಗೆ ತಾಗಬಾರದು, ಕ್ಲಚ್ ಬ್ರೇಕ್ ಕೇಬಲ್ ಎಳೆಯಬಾರದು, ಎಕ್ಸಲರೇಟರ್ ಬಿಟ್ಟ ಕೂಡಲೇ ತಾನಾಗಿ ಹಿಂದೆ ಬರಬೇಕು. ಹೆಡ್‌ಲೈಟ್, ಇಂಡಿಕೇಟರ್ ಮರೆಯಾಗಬಾರದು. ಮೊದಲು ಖಾಲಿ ರಸ್ತೆಯಲ್ಲಿ 30ರಲ್ಲಿ, ಆಮೇಲೆ 40ರಲ್ಲಿ ಓಡಿಸಿ ನೋಡಿ. ಹ್ಯಾಂಡಲ್ ನಡುಗಿದರೆ ಗ್ಲಾಸ್ ಬಿಚ್ಚಿ ಸಣ್ಣದು ಮಾಡಿ.

ತೊಳೆಯಲಿಕ್ಕೆ ನೀರು, ಸೋಪು, ಮೆತ್ತನೆ ಬಟ್ಟೆ. ಮೊದಲು ನೀರು ಸುರಿದು ಧೂಳು ಇಳಿಸಿ, ಒಣ ಧೂಳಿನ ಮೇಲೆ ಬಟ್ಟೆ ಎಳೆದರೆ ಗೀರು ಖಂಡಿತ. ಗ್ಯಾರೇಜಿನವರು ಅಭ್ಯಾಸಬಲದಿಂದ ಪೆಟ್ರೋಲ್, ಥಿನ್ನರ್ ಹಾಕಿ ಒರೆಸುತ್ತಾರೆ, ಬಿಡಬೇಡಿ. ಪಾಲಿಕಾರ್ಬೊನೇಟಿಗೆ ಅದು ವಿಷ. ಕಣ್ಣಿಗೆ ಕಾಣದ ಬಿರುಕು ಎದ್ದು, ಗಟ್ಟಿ ಶೀಟೂ ಅಕ್ರಿಲಿಕ್ ಹಾಗೆ ಒಡೆಯುತ್ತದೆ.

ಕಾನೂನಿನ ಮಾತೂ ಉಂಟು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಕಂಪೆನಿ ಕೊಟ್ಟ ವಾಹನದ ಮೂಲ ರಚನೆ ಬದಲಿಸುವ ಹಾಗಿಲ್ಲ. ಫ್ರೇಮಿಗೆ ವೆಲ್ಡಿಂಗ್ ಮಾಡುವುದು, ಹೆಡ್‌ಲೈಟ್ ಜಾಗ ಬದಲಿಸುವುದು ಮಾಡಬೇಡಿ. ಬಿಚ್ಚಿ ತೆಗೆಯಬಹುದಾದ ಕ್ಲಾಂಪ್ ಮಾತ್ರ ಹಾಕಿ, ಸಂಶಯ ಇದ್ದರೆ ಆರ್‌ಟಿಒ ಕಚೇರಿಯಲ್ಲಿ ಕೇಳಿಕೊಳ್ಳಿ. ನಿಮ್ಮ ಬೈಕಿಗೆ ಹೊಂದುವ ಕಂಪೆನಿ ಗ್ಲಾಸ್ ಸಿಗುವುದಾದರೆ, ಕೈಯಲ್ಲಿ ಹಣವೂ ಇದ್ದರೆ, ಅದನ್ನೇ ಕೊಳ್ಳುವುದು ಒಳ್ಳೆಯದು.

ಇಚ್ಚನ ಹೊಸ ಗ್ಲಾಸ್ ನೋಡಲಿಕ್ಕೆ ಅಷ್ಟೇನೂ ಚಂದವಿಲ್ಲ. ಶಿರಾದ ಅಂಗಡಿಯವರೊಬ್ಬರು "ಏನ್ ಸಾಬ್ರೇ, ಗಾಡಿಗೆ ಕನ್ನಡಕ ಹಾಕ್ಸಿದ್ದೀರಾ?" ಎಂದು ನಕ್ಕರಂತೆ. ನಗಲಿ ಬಿಡಿ. ಒಂದು ಚಳಿಗಾಲ ಕಳೆಯಿತು, ಕೆಮ್ಮು ಕಡಿಮೆಯಾಗಿದೆ. ಅಂಗಿಯೊಳಗಿನ ಪೇಪರ್ ಈಗ ಓದಲಿಕ್ಕೆ ಸಿಗುತ್ತಿದೆ.

ಆದರೆ ಒಂದು ಮಾತು ಮರೆಯಬೇಡಿ. ಗ್ಲಾಸ್ ಬಂತೆಂದು ಹೆಲ್ಮೆಟ್ಟಿನ ವೈಸರ್ ಮೇಲೆತ್ತಿ ಓಡಿಸುವವರನ್ನು ನಾವು ನೋಡಿದ್ದೇವೆ. ಅವತ್ತು ಇಚ್ಚನ ಕಣ್ಣು ಉಳಿಸಿದ್ದು ಗ್ಲಾಸ್ ಅಲ್ಲ, ಇಳಿಸಿದ್ದ ವೈಸರ್. ಗ್ಲಾಸ್ ಎದೆಯ ಚಳಿಗೆ, ಹೆಲ್ಮೆಟ್ ತಲೆಗೆ, ವೈಸರ್ ಕಣ್ಣಿಗೆ. ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲ. ನಿಮ್ಮ ಮನೆಯ ಮಕ್ಕಳು ಘಟ್ಟದ ಮೇಲೆ ಬೈಕಿನಲ್ಲಿ ಲೈನ್ ಹೋಗುವವರಾದರೆ, ಊಟ ಆಯ್ತಾ ಎಂದು ಕೇಳುವಾಗ ಇದನ್ನೂ ಒಂದು ಕೇಳಿ. ಉಮ್ಮ ಈಗ ದಿನಾ ಬೆಳಿಗ್ಗೆ ಫೋನಿನಲ್ಲಿ ಮೊದಲು ಕೇಳುವುದು ಅದನ್ನೇ: "ವೈಸರ್ ಇಳಿಸಿದ್ದೀಯಾ ಮೋನೇ?"