ಹಸಿರುಗಟ್ಟಿದ ಈಜುಕೊಳ

ನಿಂತ ನೀರಿಗೆ ಪಾಚಿ ಕಟ್ಟುವುದು ಹೊಸ ಸಂಗತಿಯೇನೂ ಅಲ್ಲ. ದೇವಾಲಯದ ಕಲ್ಯಾಣಿಯೂ ಹಿತ್ತಲಿನ ಕಲ್ಲುತೊಟ್ಟಿಯೂ ಅದಕ್ಕೆ ಒಂದೇ. ಮನೆಯಂಗಳದಲ್ಲಿ ಈಜುಕೊಳ ಕಟ್ಟಿಸಿಕೊಂಡ ಗೃಹಸ್ಥರಿಗೆ ಮಾತ್ರ ಈ ಸತ್ಯ ಮನವರಿಕೆಯಾಗುವುದು ಸಾಮಾನ್ಯವಾಗಿ ವಾರದ ಪ್ರವಾಸ ಮುಗಿಸಿ ಮರಳಿದ ದಿನ. ಹೊರಡುವಾಗ ತಿಳಿನೀಲಿಯಾಗಿದ್ದ ನೀರು ಬರುವಷ್ಟರಲ್ಲಿ ಗಿಳಿಹಸಿರಾಗಿರುತ್ತದೆ, ತಳವೇ ಕಾಣದು. ಆಗ ಎಲ್ಲರಿಗೂ ಹೊಳೆಯುವ ಉಪಾಯ ಒಂದೇ: ಇದ್ದ ನೀರನ್ನೆಲ್ಲ ಚೆಲ್ಲಿ ಹೊಸದಾಗಿ ತುಂಬಿಸುವುದು.

ಬೆಂಗಳೂರಿನ ಪಶ್ಚಿಮದಂಚಿನಲ್ಲಿ, ಮಾಗಡಿ ರಸ್ತೆಯ ಬ್ಯಾಡರಹಳ್ಳಿಯಂಥ ಕಡೆ, ಈ ಉಪಾಯದ ಬೆಲೆ ಎಷ್ಟೆಂಬುದನ್ನು 2024ರ ಬೇಸಗೆ ಚೆನ್ನಾಗಿ ಕಲಿಸಿತು. 8 ಮೀಟರ್ ಉದ್ದ, 4 ಮೀಟರ್ ಅಗಲ, ಸರಾಸರಿ ಒಂದೂಕಾಲು ಮೀಟರ್ ಆಳದ ಸಾಧಾರಣ ಕೊಳಕ್ಕೆ 40,000 ಲೀಟರ್ ನೀರು ಬೇಕು. 12,000 ಲೀಟರಿನ ಟ್ಯಾಂಕರುಗಳು ಮೂರು ಬಂದು ಸುರಿದರೂ ಅದು ತುಂಬುವುದಿಲ್ಲ. ಕೊಳವೆ ಬಾವಿಗಳು ಬತ್ತಿ, ಜನರು ಕೊಡಗಳನ್ನು ಹಿಡಿದು ಟ್ಯಾಂಕರಿಗಾಗಿ ಕಾದ ಆ ಮಾರ್ಚಿಯಲ್ಲಿ, ಈಜುಕೊಳಕ್ಕೆ ಕುಡಿಯುವ ನೀರನ್ನು ಬಳಸಕೂಡದೆಂದು ಬೆಂಗಳೂರು ಜಲಮಂಡಲಿಯು ಆಜ್ಞೆ ಹೊರಡಿಸಿತು. ಮೀರಿದವರಿಗೆ 5,000 ರೂಪಾಯಿ ದಂಡ. ಇದೇ ದಿಕ್ಕಿನಲ್ಲಿ ಮುಂದೆ ಸಾಗಿದರೆ, ಅರ್ಕಾವತಿಗೆ ಅಡ್ಡಲಾಗಿ ಕಟ್ಟಿ 1933ರಲ್ಲಿ ನಗರಕ್ಕೆ ಒಪ್ಪಿಸಿದ ತಿಪ್ಪಗೊಂಡನಹಳ್ಳಿಯ ಜಲಾಶಯವಿದೆ. ಊರಿಗೆಲ್ಲ ನೀರುಣಿಸಿದ ಜಲಾಶಯದ ದಾರಿಯಲ್ಲೇ ನೀರಿಗೆ ಹಾಹಾಕಾರವೆದ್ದುದು ವಿಪರ್ಯಾಸವಲ್ಲದೆ ಮತ್ತೇನು?

ಅದೃಷ್ಟವಶಾತ್, ಹಸಿರಾದ ನೀರಿಗೆ ಬಂದಿರುವುದು ವಾಸಿಯಾಗುವ ಕಾಯಿಲೆ. ಚೆಲ್ಲುವ ಅಗತ್ಯ ಬಲು ಅಪರೂಪ.

ಪಾಚಿಗೆ ಬೇಕಾದುದು ಬಿಸಿಲು, ಬೆಚ್ಚನೆಯ ನೀರು, ಮತ್ತು ಎಲೆ, ಧೂಳು, ಮೈಬೆವರುಗಳೊಡನೆ ಬಂದು ಸೇರುವ ಸಾರಜನಕ, ರಂಜಕಗಳು. ಅದನ್ನು ತಡೆಯುವ ಕ್ಲೋರಿನ್ನಿಗೆ ಬಿಸಿಲೇ ಶತ್ರು. ರಕ್ಷಕ ದ್ರವ್ಯವಿಲ್ಲದ ನೀರಿನಲ್ಲಿ ನಡುಹಗಲಿನ ಸೂರ್ಯನು ಗಂಟೆಯೊಳಗೆ ಅದರ ಅರ್ಧವನ್ನು ನುಂಗಿಬಿಡುತ್ತಾನೆ. ಆದುದರಿಂದ ಔಷಧೋಪಚಾರವನ್ನು ಸಂಜೆಯ ಹೊತ್ತು ಆರಂಭಿಸುವುದೇ ಜಾಣತನ.

ಮೊದಲು ಎಲೆ ಕಸಗಳನ್ನು ಬಲೆಯಿಂದ ಎತ್ತಿ, ನೀರಿನ ಪಿಎಚ್ ನೋಡತಕ್ಕದ್ದು. ಅವಸರದವರು ತಪ್ಪುವುದು ಇಲ್ಲಿಯೇ. ಪಿಎಚ್ 7.2 ಇರುವಾಗ ಕ್ಲೋರಿನ್ನಿನ ಸುಮಾರು ಮೂರರಲ್ಲಿ ಎರಡು ಪಾಲು ಚುರುಕಾಗಿ ಕೆಲಸ ಮಾಡುತ್ತದೆ. 8ಕ್ಕೆ ಏರಿತೆಂದರೆ ಕಾಲು ಪಾಲಿನಷ್ಟು ಮಾತ್ರ. ಏರಿದ ಪಿಎಚ್ಅನ್ನು ಹೈಡ್ರೋಕ್ಲೋರಿಕ್ ಆಮ್ಲದಿಂದ ಇಳಿಸಬಹುದು. ಆಮ್ಲವನ್ನು ಬಕೆಟ್ಟಿನ ನೀರಿಗೆ ಸೇರಿಸಿ, ಪಂಪು ಓಡುತ್ತಿರುವಾಗ ಕೊಳಕ್ಕೆ ಸುರಿಯಬೇಕು. ಆ ಬಕೆಟ್ಟಿಗೆ ಬ್ಲೀಚಿಂಗ್ ಪೌಡರು ತಗುಲಲೇಬಾರದು. ಇವೆರಡೂ ಕೂಡಿದರೆ ಏಳುವುದು ಕ್ಲೋರಿನ್ ಅನಿಲ. 1915ರಲ್ಲಿ ಈಪ್ರ್ ರಣಾಂಗಣದಲ್ಲಿ ಸೈನಿಕರ ಉಸಿರು ಕಟ್ಟಿಸಿದ ಅನಿಲವೇ ಅದು. ಒಂದೇ ಕಪಾಟಿನಲ್ಲಿ ಇವನ್ನು ಇಡುವುದೂ ಸಲ್ಲದು.

ಕೆಲವು ಗಂಟೆಗಳು ಕಳೆದ ಬಳಿಕ ಕ್ಲೋರಿನ್ನಿನ ಸರದಿ. ಹಸಿರು ನೀರಿಗೆ ಹತ್ತು ಲಕ್ಷ ಭಾಗಕ್ಕೆ 10 ಭಾಗದಷ್ಟು ಬೇಕು. ಅಂದರೆ 40,000 ಲೀಟರಿಗೆ 400 ಗ್ರಾಂ ಕ್ಲೋರಿನ್. ಮೂರನೆಯ ಒಂದು ಪಾಲು ಕ್ಲೋರಿನ್ ಉಳ್ಳ ಸಾಮಾನ್ಯ ಬ್ಲೀಚಿಂಗ್ ಪೌಡರಾದರೆ 1.2 ಕಿಲೋ. ಬಾಯಿ ತೆರೆದಿಟ್ಟ ಹಳೆಯ ಚೀಲದ ಪುಡಿಗೆ ಈ ಲೆಕ್ಕ ಹೊಂದದು. ಅದರ ಸತ್ವ ಆಗಲೇ ಹಾರಿಹೋಗಿರುತ್ತದೆ. ಪುಡಿಯನ್ನು ಸ್ವಲ್ಪ ಸ್ವಲ್ಪವಾಗಿ ಬಕೆಟ್ಟಿನ ನೀರಿಗೆ ಹಾಕಿ ಕಲಕಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನಷ್ಟೇ ಸುರಿಯಬೇಕು. ಆಮೇಲೆ ಗೋಡೆ, ಮೆಟ್ಟಿಲು, ಮೂಲೆಗಳನ್ನು ಕುಂಚದಿಂದ ಉಜ್ಜತಕ್ಕದ್ದು. ಪಾಚಿಯ ಲೋಳೆ ಹರಿಯದೆ ಔಷಧ ಒಳಗೆ ತಾಗುವುದಿಲ್ಲ. ಅಂಗೈ ನೋಯುವ ಕೆಲಸವಿದು. ಇದನ್ನು ತಪ್ಪಿಸಿ ಬರೀ ಪುಡಿ ಸುರಿಯುವವರು ಮರುವಾರ ಮತ್ತೆ ಸುರಿಯುತ್ತಾರೆ.

ಬೆಳಗಾಗುವಷ್ಟರಲ್ಲಿ ಹಸಿರು ಹೋಗಿ ನೀರು ಬೂದುಬಣ್ಣಕ್ಕೆ ತಿರುಗಿದ್ದರೆ ಗಾಬರಿ ಬೇಡ. ಅದು ಸತ್ತ ಪಾಚಿ, ಗುಣಮುಖದ ಲಕ್ಷಣ. ಶೋಧಕವನ್ನು ಹಗಲಿರುಳು ಓಡಿಸಿ, ಒತ್ತಡದ ಮುಳ್ಳು ಏರಿದಾಗಲೆಲ್ಲ ಮರಳನ್ನು ಹಿಮ್ಮುಖವಾಗಿ ತೊಳೆದು, ಸಂಜೆ ಮತ್ತೆ ಕ್ಲೋರಿನ್ ಅಳೆದು ಕೊರತೆ ತುಂಬಬೇಕು. ರಾತ್ರಿಯಲ್ಲಿ ಕ್ಲೋರಿನ್ ಕರಗದೆ ಹೆಚ್ಚುಕಡಿಮೆ ಹಾಗೆಯೇ ಉಳಿದರೆ ಪಾಚಿ ಅಳಿಯಿತೆಂದು ತಿಳಿಯಬಹುದು.

ಮಬ್ಬು ಇನ್ನೂ ಉಳಿದರೆ ಒಂದು ಲೋಟ ನೀರಿಗೆ ನಾಲ್ಕು ಹನಿ ನಿಂಬೆರಸ ಹಿಂಡಿ ನೋಡಿ. ತಿಳಿಯಾದರೆ ದೋಷ ಸುಣ್ಣದ್ದು; ಗಡಸಾದ ಕೊಳವೆ ಬಾವಿಯ ನೀರಿನಲ್ಲಿ ಇದು ಸಾಮಾನ್ಯ, ಪಿಎಚ್ ಇಳಿಸಿದರೆ ಸಾಕು. ತಿಳಿಯಾಗದಿದ್ದರೆ ಪಟಿಕ. ಬಗ್ಗಡದ ನೀರಿನ ಮಡಕೆಯೊಳಗೆ ಹಿಂದಿನವರು ಚಿಲ್ಲದ ಬೀಜವನ್ನು ತೇಯುತ್ತಿದ್ದುದೂ ಇದೇ ತತ್ತ್ವದ ಮೇಲೆ. ಕಣಕ್ಕೆ ಕಣ ಅಂಟಿ, ಭಾರವಾಗಿ, ತಳ ಸೇರುತ್ತದೆ. ಈ ಕೊಳಕ್ಕೆ 800 ಗ್ರಾಂ ಪಟಿಕವನ್ನು ಕರಗಿಸಿ ಬೆರೆಸಿ, ಪಂಪು ನಿಲ್ಲಿಸಿ, ರಾತ್ರಿಯಿಡೀ ಕದಲಿಸದೆ ಬಿಡಬೇಕು. ಮುಂಜಾನೆ ತಳದ ಗಸಿಯನ್ನು ಶೋಧಕಕ್ಕೆ ಬಿಡದೆ ಕೊಳವೆಯಿಂದ ಮೆಲ್ಲನೆ ಹೊರಗೆ ಹೀರಿಸಿದರಾಯಿತು. ವ್ಯಯವಾಗುವುದು ಕೆಲವೇ ನೂರು ಲೀಟರ್. ಮೈಲುತುತ್ತವನ್ನು ಹೊಗಳುವವರೂ ಉಂಟು. ಅದು ಪಾಚಿಯನ್ನು ಕೊಲ್ಲುವುದು ನಿಜವಾದರೂ ಗೋಡೆಗೆ ಬಿಡುವ ಕಲೆ ಸುಲಭಕ್ಕೆ ಹೋಗದು.

ನೀರನ್ನು ಚೆಲ್ಲಲೇಬೇಕಾದ ಒಂದು ಸಂದರ್ಭವಿದೆ. ಬಿಸಿಲಿನಿಂದ ಕ್ಲೋರಿನ್ನನ್ನು ಕಾಯುವ ಸಯನ್ಯೂರಿಕ್ ಆಮ್ಲವು ಕೆಲವು ಬಗೆಯ ಕ್ಲೋರಿನ್ ಬಿಲ್ಲೆಗಳಲ್ಲಿಯೇ ಅಡಗಿದೆ. ವರುಷಗಟ್ಟಲೆ ಅವನ್ನೇ ಹಾಕುತ್ತ ಬಂದರೆ ಅದು ಸಂಗ್ರಹವಾಗಿ, ಎಷ್ಟು ಕ್ಲೋರಿನ್ ಸುರಿದರೂ ಮಂದವಾಗುತ್ತದೆ. ಆಗ ಒಂದು ಪಾಲನ್ನು ಬದಲಿಸದೆ ಗತ್ಯಂತರವಿಲ್ಲ. ಅದಕ್ಕೆ ಮಳೆಗಾಲವನ್ನು ಕಾಯುವುದು ಲೇಸು: ಚಾವಣಿಯ ಮಳೆನೀರು ಮೃದು, ಬಿಟ್ಟಿ, ಯಾರ ಕೊಡದಿಂದಲೂ ಕಸಿದದ್ದಲ್ಲ.

ಕ್ಲೋರಿನ್ ಹತ್ತು ಲಕ್ಷಕ್ಕೆ 1ರಿಂದ 3 ಭಾಗಕ್ಕೆ ಇಳಿಯುವತನಕ ಯಾರೂ ನೀರಿಗಿಳಿಯಬಾರದು. ನೀರು ಕದಡಿರುವಷ್ಟು ದಿನವಂತೂ ಮಕ್ಕಳನ್ನು ಹತ್ತಿರ ಸುಳಿಯಗೊಡದೆ ಬಾಗಿಲಿಗೆ ಬೀಗ ಹಾಕಿರಬೇಕು. ಮಬ್ಬು ನೀರಿನಲ್ಲಿ ತಳ ಸೇರಿದ ಮಗು ಒಂದು ಮಾರು ದೂರದಲ್ಲಿ ನಿಂತವರ ಕಣ್ಣಿಗೂ ಬೀಳುವುದಿಲ್ಲ. ಎಲ್ಲಕ್ಕಿಂತ ಆಳವಾದ ಕಡೆಯ ತಳದಲ್ಲಿರುವ ಜಾಲರಿಯ ಸಂದುಗಳನ್ನು ದಡದಲ್ಲಿ ನಿಂತು ಎಣಿಸಲು ಬಂದ ದಿನ ಬೀಗ ತೆಗೆಯಬಹುದು.