ಮುರುಮಿನ ಗುಂಡಿಯಲ್ಲಿ ಹುಲ್ಲು

ನಮ್ಮ ಭಾಲ್ಕಿ ಕಡೆ ಕರಿ ಭೂಮಿ. ಕರಿ ಮಣ್ಣಿನ ಕೆಳಗೆ ಮುರುಮು. ಬೀದರ್ ಕಡೆ ಹೋದರೆ ಕೆಂಪು ಕಲ್ಲು. ಬೀದರ್ ಕೋಟೆಯ ಕಂದಕವನ್ನು ಈ ಕಲ್ಲಿನಲ್ಲೇ ಕಡಿದಿದ್ದಾರೆ.

ರಸ್ತೆಗೆ ಮುರುಮು ಬೇಕು. ಮನೆಗೆ ಕಲ್ಲು ಬೇಕು. ತೆಗೆಯಬೇಡಿ ಅಂತ ನಾವು ಹೇಳೋದಿಲ್ಲ. ಆದರೆ ತೆಗೆದ ಮೇಲೆ ಗುಂಡಿ ಹಾಗೇ ಬಿದ್ದಿರ್ತದೆ. ಮೊದಲು ಅಲ್ಲಿ ಆಡು ಮೇಯುತ್ತಿದ್ದವು. ನಾವು ಕಟ್ಟಿಗೆ ಆರಿಸುತ್ತಿದ್ದೆವು. ಈಗ ಹುಲ್ಲೂ ಇಲ್ಲ, ಕಟ್ಟಿಗೆಯೂ ಇಲ್ಲ. ಇನ್ನೂ ದೂರ ನಡೆಯೋರು ಯಾರು? ನಾವೇ.

ಗುಂಡಿಯಲ್ಲಿ ಹುಲ್ಲು ಯಾಕೆ ಬೆಳೆಯೋದಿಲ್ಲ? ಹಾಲಿಗೆ ಕೆನೆ ಇದ್ದ ಹಾಗೆ ಭೂಮಿಗೆ ಮೇಲ್ಮಣ್ಣು. ಸತ್ವ, ಹುಲ್ಲಿನ ಬೀಜ, ಎರೆಹುಳು ಎಲ್ಲ ಅದರಲ್ಲೇ ಇರ್ತವೆ. ಒಂದು ಇಂಚು ಮೇಲ್ಮಣ್ಣು ಆಗಲು ನೂರಾರು ವರ್ಷ ಬೇಕು. ಯಂತ್ರ ಅದನ್ನು ಒಂದೇ ದಿನದಲ್ಲಿ ಕೆರೆದು ಹಾಕ್ತದೆ. ಅದಕ್ಕೇ ಅಗೆಯುವ ಮೊದಲೇ ಕೇಳಬೇಕು: ಮೇಲ್ಮಣ್ಣು ಎಲ್ಲಿ ಇಡ್ತೀರಿ? ಅದನ್ನು ಬೇರೆ ಗುಡ್ಡೆ ಹಾಕಿ ಇಟ್ಟರೆ ಅರ್ಧ ಕೆಲಸ ಆದ ಹಾಗೆ.

ದೊಡ್ಡ ಗಣಿಗಳ ಕಥೆಯೂ ಇದೇ. ಬಳ್ಳಾರಿ ಜಿಲ್ಲೆಯ ಸಂಡೂರಿನಲ್ಲಿ ಕಬ್ಬಿಣದ ಅದಿರು ಸಿಗ್ತದೆ. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿತು. ಮತ್ತೆ ಶುರು ಮಾಡಬೇಕಾದರೆ ಕೆಟ್ಟ ಭೂಮಿಯನ್ನು ಸರಿ ಮಾಡುವ ಯೋಜನೆ ಬೇಕು ಎಂದಿತು. ಮಣ್ಣಿನ ರಾಶಿ ಹರಿದು ಹೋಗದ ಹಾಗೆ ಗೋಡೆ, ಹಳ್ಳಕ್ಕೆ ಒಡ್ಡು, ರಾಶಿಯ ಮೇಲೆ ಗಿಡ, ಇವೆಲ್ಲ ಆ ಯೋಜನೆಯಲ್ಲಿ ಇವೆ. 2020ರ ಜನವರಿಯಲ್ಲಿ ಕೋರ್ಟು ಇನ್ನೊಂದು ಮಾತು ಹೇಳಿತು. ಗಣಿ ಮುಗಿದ ಜಾಗದಲ್ಲಿ ಮತ್ತೆ ಹುಲ್ಲು ಬೆಳೆಸಬೇಕು, ಮೇವು ಸಿಗಬೇಕು, ಈ ಶರತ್ತನ್ನು ಗಣಿ ಗುತ್ತಿಗೆಯಲ್ಲಿ ಸೇರಿಸಿ ಎಂದು ಕೇಂದ್ರ ಸರಕಾರಕ್ಕೆ ಹೇಳಿತು. ದೆಹಲಿಯ ಕೋರ್ಟಿನಲ್ಲಿ ಮೇವಿನ ಮಾತು ಬಂತಲ್ಲ! ನಮ್ಮ ಮುರುಮಿನ ಗುಂಡಿಗೂ ಅದನ್ನೇ ಗ್ರಾಮಸಭೆಯಲ್ಲಿ ಕೇಳೋಣ.

ಇನ್ನು ಕೆಲಸ ಹೇಗೆ? ಮೊದಲು ಗುಂಡಿಯ ಅಂಚನ್ನು ಇಳಿಜಾರು ಮಾಡಬೇಕು. ನೆಟ್ಟಗೆ ಕಡಿದ ಅಂಚು ಮಳೆಗೆ ಕುಸಿಯುತ್ತದೆ. ನೀರು ನಿಂತ ಗುಂಡಿಗೆ ಮಕ್ಕಳು ಈಜಲು ಇಳೀತಾರೆ. ಅಲ್ಲಿ ಬೇಲಿ ಬೇಕೇ ಬೇಕು. ಆಮೇಲೆ ಮೇಲ್ಮಣ್ಣು ಹರಡಬೇಕು. ಅದು ಉಳಿದಿಲ್ಲವೇ? ಕೆರೆ ಹೂಳು, ತಿಪ್ಪೆ ಗೊಬ್ಬರ ಹಾಕಬೇಕು.

ಮಳೆ ಬಿದ್ದ ಕೂಡಲೇ ಸೆಣಬು, ಅಲಸಂದಿ ಬಿತ್ತಬೇಕು. ತೊಗರಿ ಗಿಡ ಕಿತ್ತಾಗ ಬೇರಿನಲ್ಲಿ ಸಣ್ಣ ಸಣ್ಣ ಗಂಟು ನೋಡಿದ್ದೀರಲ್ಲ? ಸೆಣಬು, ಅಲಸಂದಿ ಬೇರಿನಲ್ಲೂ ಅಂಥ ಗಂಟು ಇರ್ತವೆ. ಗಾಳಿಯಲ್ಲಿರುವ ಸಾರಜನಕವನ್ನು ಅವು ಹಿಡಿದು ಕೊಡ್ತವೆ. ಸೆಣಬು ಹೂವಿಗೆ ಬಂದಾಗ ಅಲ್ಲೇ ಮಣ್ಣಿಗೆ ಸೇರಿಸಿದರೆ ಒಳ್ಳೆ ಗೊಬ್ಬರ. ಆಮೇಲೆ ಹುಲ್ಲು. ಅದರ ಸಂಗಡ ಬೇವು, ಹೊಂಗೆ, ಸೀತಾಫಲ.

ಕಷ್ಟದ ಮಾತು ಒಂದಿದೆ. ಎರಡು ಮೂರು ವರ್ಷ ಅಲ್ಲಿಗೆ ಆಡು ಬಿಡಬಾರದು. ಎಳೆ ಚಿಗುರು ಕಂಡರೆ ಆಡು ಬಿಡ್ತದೆಯೇ? ಆ ವರ್ಷಗಳಲ್ಲಿ ಹುಲ್ಲನ್ನು ಕುಡುಗೋಲಿನಿಂದ ಕೊಯ್ದು ಮನೆಗೆ ತರಬೇಕು. ಯಾರು ಯಾವ ದಿನ ಕೊಯ್ಯೋದು ಅಂತ ಹೆಂಗಸರೇ ಕೂತು ಗೊತ್ತು ಮಾಡಿದರೆ ಜಗಳ ಕಡಿಮೆ.

ಸೀತಾಫಲಕ್ಕೆ ಮಾತ್ರ ಅಷ್ಟು ಕಾವಲು ಬೇಡ. ಅದರ ಎಲೆ ಕಹಿ, ಆಡು ಮುಟ್ಟೋದಿಲ್ಲ. ಕಲ್ಲು ನೆಲದಲ್ಲೂ ಬರ್ತದೆ. ಬೀಜ ಊರಿದರೆ ನಾಲ್ಕೈದು ವರ್ಷಕ್ಕೆ ಹಣ್ಣು.